ಹೆಸರು ಬಂದು ಮಾಯವಾಗುವುದೇಕೆ: ಬ್ಲೇಜರ್ ಕಾಂಪೊನೆಂಟ್‌ನೊಳಗೆ ಲಾಗಿನ್ ಆದ ಬಳಕೆದಾರರ ಮಾಹಿತಿ

ಗ್ರಂಥಾಲಯವೊಂದರ ಸದಸ್ಯರಿಗಾಗಿ ಬರೆದ ವೆಬ್ ಅಪ್ಲಿಕೇಶನ್ ಒಂದನ್ನು ಊಹಿಸಿಕೊಳ್ಳೋಣ. ಸದಸ್ಯರು ಲಾಗಿನ್ ಆಗಿ ತಾವು ಎರವಲು ತಂದ ಪುಸ್ತಕಗಳು, ಹಿಂದಿರುಗಿಸಬೇಕಾದ ದಿನ, ಬಾಕಿಯಿರುವ ದಂಡ ಇವನ್ನು ನೋಡುತ್ತಾರೆ. ಗ್ರಂಥಪಾಲಕರು ಅಲ್ಲಿಯೇ ಎಲ್ಲರ ಲೆಕ್ಕವನ್ನೂ ನೋಡುತ್ತಾರೆ. ಪುಟ ತೆರೆದೊಡನೆ ಮೇಲಿನ ಬಲತುದಿಯಲ್ಲಿ ‘ನಮಸ್ಕಾರ, ಸುಮಾ’ ಎಂದು ಕಾಣಿಸುತ್ತದೆ, ಮರುಕ್ಷಣವೇ ಆ ಹೆಸರು ಮಾಯವಾಗಿ ಅದರ ಜಾಗದಲ್ಲಿ ‘ಲಾಗಿನ್ ಆಗಿ’ ಎಂಬ ಕೊಂಡಿ ಬಂದು ಕೂರುತ್ತದೆ. ರಿಫ್ರೆಶ್ ಮಾಡಿದರೆ ಮತ್ತೆ ಅದೇ ಆಟ. ಲಾಗಿನ್ ಸರಿಯಾಗಿಯೇ ಆಗಿದೆ, ಕುಕೀ ಬ್ರೌಸರಿನಲ್ಲಿ ಭದ್ರವಾಗಿದೆ, ಲಾಗ್‌ನಲ್ಲಿ ಒಂದು ದೋಷಸಂದೇಶವೂ ಇಲ್ಲ. ಬ್ಲೇಜರ್ ಕಲಿಯಲು ಹೊರಟವರಲ್ಲಿ ಅನೇಕರು ಬೇಗನೆ ಎಡವುವ ಜಾಗ ಇದು. ಹೆಸರು ಕೊಟ್ಟ ರಿಕ್ವೆಸ್ಟ್, ಅಂದರೆ ಬ್ರೌಸರ್ ಸರ್ವರಿಗೆ ಕಳುಹಿಸಿದ ಕೋರಿಕೆ, ಮುಗಿದುಹೋಗಿದೆ; ಹೆಸರು ಕೇಳುವ ಕಾಂಪೊನೆಂಟ್, ಅಂದರೆ ಪುಟವನ್ನು ಕಟ್ಟುವ ತುಣುಕು, ಇನ್ನೂ ಬದುಕಿದೆ. ತೊಂದರೆಯೆಲ್ಲ ಈ ಎರಡರ ಆಯುಷ್ಯದ ನಡುವಿನ ಅಂತರದಲ್ಲಿದೆ.

ಬ್ಲೇಜರ್ ವೆಬ್ ಪುಟಗಳನ್ನು ಸಿ ಶಾರ್ಪ್ ಭಾಷೆಯಲ್ಲಿ ಕಟ್ಟಲು ಬಳಸುವ ಸಲಕರಣೆ; ಮೈಕ್ರೋಸಾಫ್ಟ್‌ನ ವೆಬ್ ಚೌಕಟ್ಟಾದ ಎಎಸ್‌ಪಿ ಡಾಟ್ ನೆಟ್ ಕೋರ್‌ನ ಭಾಗ. ಸರ್ವರಿನಲ್ಲಿ ಓಡುವ ಅದರ ರೂಪ 2019ರ ಸೆಪ್ಟೆಂಬರಿನಲ್ಲಿ ಡಾಟ್ ನೆಟ್ ಕೋರ್ 3.0 ಜೊತೆಗೆ ಬಂತು; ಬ್ರೌಸರಿನೊಳಗೇ ವೆಬ್‌ಅಸೆಂಬ್ಲಿಯಾಗಿ ಓಡುವ ರೂಪ 2020ರ ಮೇ ತಿಂಗಳಲ್ಲಿ ಬಂತು; 2023ರ ನವೆಂಬರಿನಲ್ಲಿ ಬಂದ ಡಾಟ್ ನೆಟ್ 8 ಇವೆರಡನ್ನೂ ಒಂದೇ ಅಪ್ಲಿಕೇಶನ್ನಿನಲ್ಲಿ ಬೆರೆಸಲು ಅವಕಾಶ ಕೊಟ್ಟಿತು. ಈಗ ಒಂದೇ ಪುಟದ ಶಿರೋಭಾಗ ಸ್ಥಿರ ಎಚ್‌ಟಿಎಂಎಲ್ ಆಗಿರಬಹುದು, ನಡುವಿನ ಪಟ್ಟಿ ಸರ್ವರಿನಲ್ಲಿ ಜೀವಂತವಾಗಿರಬಹುದು, ಕೆಳಗಿನ ಹುಡುಕುಪೆಟ್ಟಿಗೆ ಬ್ರೌಸರಿನಲ್ಲಿ ಓಡುತ್ತಿರಬಹುದು. ಈ ಸೌಕರ್ಯ ದೊಡ್ಡದೇ. ಆದರೆ ‘ಈಗ ಲಾಗಿನ್ ಆಗಿರುವವರು ಯಾರು?’ ಎಂಬ ಒಂದೇ ಪ್ರಶ್ನೆಗೆ ಮೂರು ಕಡೆ ಮೂರು ಬಗೆಯಲ್ಲಿ ಉತ್ತರ ಹುಡುಕಬೇಕಾಗಿ ಬಂದದ್ದು ಅದರ ಬೆಲೆ.

ಕುಕೀಯಿಂದ ಕ್ಲೇಮ್‌ವರೆಗೆ

ಬ್ರೌಸರ್ ಮತ್ತು ಸರ್ವರ್ ಮಾತಾಡುವ ಪ್ರೋಟೊಕಾಲ್ ಆದ ಎಚ್‌ಟಿಟಿಪಿಗೆ ನೆನಪಿಲ್ಲ. ಒಂದು ರಿಕ್ವೆಸ್ಟ್ ಬರುತ್ತದೆ, ಉತ್ತರ ಹೋಗುತ್ತದೆ, ಅಲ್ಲಿಗೆ ಸಂಬಂಧ ಮುಗಿಯಿತು. ಮುಂದಿನ ರಿಕ್ವೆಸ್ಟ್ ಅದೇ ವ್ಯಕ್ತಿಯದೆಂದು ತಿಳಿಯುವ ದಾರಿ ಆ ಪ್ರೋಟೊಕಾಲ್‌ನೊಳಗೆ ಮೊದಲಿಗೆ ಇರಲಿಲ್ಲ. ಈ ಕೊರತೆಯನ್ನು ತುಂಬಲು 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮಾಂಟುಲಿ ಕುಕೀಯನ್ನು ರೂಪಿಸಿದರು: ಸರ್ವರ್ ಒಂದು ಚೀಟಿ ಕೊಡುತ್ತದೆ, ಬ್ರೌಸರ್ ಪ್ರತಿ ಸಲವೂ ಆ ಚೀಟಿಯನ್ನು ತೋರಿಸುತ್ತದೆ.

ಎಎಸ್‌ಪಿ ಡಾಟ್ ನೆಟ್ ಕೋರ್‌ನಲ್ಲಿ ಈ ಚೀಟಿಯ ಒಳಗೆ ಬಳಕೆದಾರರ ವಿವರಗಳೇ ಗೂಢಲಿಪಿಯಾಗಿ ಅಡಗಿರುತ್ತವೆ. ಸರ್ವರಿನ ಬಳಿಯಿರುವ ಕೀಲಿಯಿಲ್ಲದೆ ಅವನ್ನು ಓದಲೂ ಆಗದು, ತಿದ್ದಲೂ ಆಗದು. ನಾವಾಗಿ ಬದಲಿಸದಿದ್ದರೆ ಅದರ ಅವಧಿ 14 ದಿನ, ಮತ್ತು ಅರ್ಧಕ್ಕಿಂತ ಹೆಚ್ಚು ಅವಧಿ ಕಳೆದ ಮೇಲೆ ರಿಕ್ವೆಸ್ಟ್ ಬಂದರೆ ಹೊಸ ಅವಧಿಯ ಚೀಟಿ ತಾನಾಗಿ ಹೋಗುತ್ತದೆ. ರಿಕ್ವೆಸ್ಟ್ ಸರ್ವರನ್ನು ಮುಟ್ಟಿದಾಗ ಅದು ಮಿಡಲ್‌ವೇರ್ ಎಂಬ ಘಟ್ಟಗಳನ್ನು ಒಂದೊಂದಾಗಿ ಹಾಯುತ್ತದೆ. ಬಂದವರು ಯಾರೆಂದು ಗುರುತಿಸುವ ಅಥೆಂಟಿಕೇಶನ್ ಮಿಡಲ್‌ವೇರ್ ಚೀಟಿಯನ್ನು ಬಿಡಿಸಿ, ಅದರಲ್ಲಿರುವುದನ್ನು ‘ಕ್ಲೇಮ್ಸ್ ಪ್ರಿನ್ಸಿಪಲ್’ ಎಂಬ ವಸ್ತುವಾಗಿ ಕಟ್ಟಿ, ಆ ರಿಕ್ವೆಸ್ಟ್‌ನ ವಿವರಗಳನ್ನು ಹಿಡಿದಿಡುವ ‘ಎಚ್‌ಟಿಟಿಪಿ ಕಾಂಟೆಕ್ಸ್ಟ್’ನ ‘ಯೂಸರ್’ ಎಂಬ ಗುಣದಲ್ಲಿ (ಪ್ರಾಪರ್ಟಿಯಲ್ಲಿ) ಇಡುತ್ತದೆ. ಆಮೇಲೆ ಬರುವ ಅಥರೈಸೇಶನ್ ಮಿಡಲ್‌ವೇರ್ ಅದನ್ನು ನೋಡಿ ಒಳಗೆ ಬಿಡಬೇಕೇ ಬೇಡವೇ ಎಂದು ನಿರ್ಧರಿಸುತ್ತದೆ. ಅಪ್ಲಿಕೇಶನ್ ಶುರುವಾಗುವ ಪ್ರೋಗ್ರಾಮ್ ಫೈಲಿನಲ್ಲಿ ಇವೆರಡರ ಸಾಲುಗಳನ್ನು ಅದಲುಬದಲು ಮಾಡಿದರೆ, ಗುರುತಿಸುವ ಮೊದಲೇ ಬಾಗಿಲಲ್ಲಿ ತಡೆದಂತೆ, ಸರಿಯಾಗಿ ಲಾಗಿನ್ ಆದವರೂ ಹೊರಗುಳಿಯುತ್ತಾರೆ.

ಕ್ಲೇಮ್ ಎಂಬ ಪದ ಹೊಸಬರನ್ನು ಗೊಂದಲಕ್ಕೆ ದೂಡುತ್ತದೆ. ಅದು ಬಳಕೆದಾರರ ಬಗ್ಗೆ ಯಾರೋ ಹೇಳಿರುವ ಒಂದು ಮಾತು: ಮಾತಿನ ಬಗೆ, ಅದರ ಬೆಲೆ (ವ್ಯಾಲ್ಯೂ), ಹೇಳಿದವರು ಯಾರು, ಇಷ್ಟು ಅದರಲ್ಲಿರುತ್ತದೆ. ‘ನನ್ನ ವರಮಾನ ಇಷ್ಟು’ ಎಂದು ನಾನೇ ಬಿಳಿಹಾಳೆಯಲ್ಲಿ ಬರೆದುಕೊಂಡು ಹೋದರೆ ಯಾವ ಕಚೇರಿಯೂ ಒಪ್ಪುವುದಿಲ್ಲ, ಅದೇ ಮಾತು ತಹಶೀಲ್ದಾರರ ಪ್ರಮಾಣಪತ್ರದಲ್ಲಿದ್ದರೆ ಒಪ್ಪುತ್ತದೆ. ಕ್ಲೇಮ್‌ನಲ್ಲಿಯೂ ಹೇಳಿದವರು ಯಾರು ಎಂಬುದು ಅಷ್ಟೇ ಮುಖ್ಯ. ಹೆಸರು, ಇಮೇಲ್, ಗುರುತುಸಂಖ್ಯೆ, ‘ಗ್ರಂಥಪಾಲಕ’ ಎಂಬ ರೋಲ್ (ಪಾತ್ರ), ಇವೆಲ್ಲ ಒಂದೊಂದು ಕ್ಲೇಮ್. ಇಂತಹ ಕ್ಲೇಮ್‌ಗಳ ಕಂತೆ ‘ಕ್ಲೇಮ್ಸ್ ಐಡೆಂಟಿಟಿ’. ಅಂತಹ ಒಂದೋ ಹಲವೋ ಕಂತೆಗಳನ್ನು ಹೊತ್ತಿರುವುದು ‘ಕ್ಲೇಮ್ಸ್ ಪ್ರಿನ್ಸಿಪಲ್’.

ಲಾಗಿನ್ ಆಗಿಲ್ಲದ ಸಂದರ್ಶಕರಿಗೂ ಒಂದು ಪ್ರಿನ್ಸಿಪಲ್ ಇರುತ್ತದೆ ಎಂಬುದನ್ನು ಇಲ್ಲಿ ಮರೆಯಬಾರದು. ಆದ್ದರಿಂದ ‘ಯೂಸರ್ ನಲ್ (ಖಾಲಿ) ಆಗಿದೆಯೇ’ ಎಂದು ಪರೀಕ್ಷಿಸುವುದರಿಂದ ಏನೂ ತಿಳಿಯುವುದಿಲ್ಲ. ಕೇಳಬೇಕಾದದ್ದು ‘ಈಸ್ ಅಥೆಂಟಿಕೇಟೆಡ್’ ಎಂಬ ಗುಣವನ್ನು. ಅದು ನಿಜವಾಗುವುದು ಐಡೆಂಟಿಟಿಯನ್ನು ಕಟ್ಟುವಾಗ ದೃಢೀಕರಣದ ಬಗೆಯ ಹೆಸರನ್ನು ಕೊಟ್ಟಿದ್ದರೆ ಮಾತ್ರ. ಪರೀಕ್ಷೆಗಾಗಿ ಹತ್ತು ಕ್ಲೇಮ್‌ಗಳನ್ನು ತುಂಬಿ ನಕಲಿ ಬಳಕೆದಾರರೊಬ್ಬರನ್ನು ಸೃಷ್ಟಿಸಿ, ಆ ಒಂದು ಪದವನ್ನು ಕೊಡಲು ಮರೆತು, ‘ಎಲ್ಲ ವಿವರವೂ ಇದೆ, ಆದರೂ ಲಾಗಿನ್ ಆಗಿಲ್ಲ ಎನ್ನುತ್ತದಲ್ಲ’ ಎಂದು ಮಧ್ಯಾಹ್ನವೆಲ್ಲ ತಲೆ ಕೆಡಿಸಿಕೊಂಡವರಲ್ಲಿ ನಾನೂ ಒಬ್ಬ.

ಹೆಸರು ಗುರುತಲ್ಲ

ಸುಮಾ ಅವರ ಪುಸ್ತಕಗಳನ್ನು ಡೇಟಾಬೇಸಿನಿಂದ ತರಲು ಯಾವ ಕ್ಲೇಮ್ ಬಳಸಬೇಕು? ಕೈಗೆ ಸುಲಭವಾಗಿ ಸಿಗುವುದು ‘ಐಡೆಂಟಿಟಿ ಡಾಟ್ ನೇಮ್’. ಬಳಕೆದಾರರ ಖಾತೆಗಳನ್ನು ನೋಡಿಕೊಳ್ಳುವ ಎಎಸ್‌ಪಿ ಡಾಟ್ ನೆಟ್ ಕೋರ್ ಐಡೆಂಟಿಟಿ ಎಂಬ ವ್ಯವಸ್ಥೆಯ ಸಿದ್ಧ ಮಾದರಿಯಲ್ಲಿ ಅದು ಬಳಕೆದಾರನಾಮ, ಆ ಮಾದರಿಯಲ್ಲಿ ಬಳಕೆದಾರನಾಮವೆಂದರೆ ಇಮೇಲ್ ವಿಳಾಸವೇ. ಹೊಸದಾಗಿ ಕಟ್ಟಿದ ಅಪ್ಲಿಕೇಶನ್‌ಗಳಲ್ಲಿ ನಮಸ್ಕಾರದ ಮುಂದೆ ಹೆಸರಿನ ಬದಲು ಉದ್ದನೆಯ ಇಮೇಲ್ ಕಾಣಿಸುವುದು ಇದರಿಂದಲೇ. ಇಮೇಲ್ ಬದಲಾಗುತ್ತದೆ. ಒಬ್ಬರು ಬಿಟ್ಟ ಕಚೇರಿಯ ಇಮೇಲ್ ವಿಳಾಸ ಆಮೇಲೆ ಬಂದ ಇನ್ನೊಬ್ಬರಿಗೆ ಸಿಗುವುದೂ ಉಂಟು, ಆಗ ಹಳಬರ ದಂಡ ಹೊಸಬರ ತಲೆಗೆ ಬರುತ್ತದೆ. ಆದ್ದರಿಂದ ಡೇಟಾಬೇಸಿಗೆ ಕೊಂಡಿಯಾಗಬೇಕಾದದ್ದು ‘ನೇಮ್ ಐಡೆಂಟಿಫೈಯರ್’ ಎಂಬ ಕ್ಲೇಮ್: ಐಡೆಂಟಿಟಿ ವ್ಯವಸ್ಥೆಯಲ್ಲಿ ಅದು ಡೇಟಾಬೇಸಿನಲ್ಲಿರುವ ಬಳಕೆದಾರರ ಸಾಲಿನ ಪ್ರಾಥಮಿಕ ಕೀಲಿ.

ಲಾಗಿನ್ ಹೊರಗಿನ ಸೇವೆಯಿಂದ ಆಗುತ್ತಿದ್ದರೆ ಬಹುಮಟ್ಟಿಗೆ ಓಪನ್ ಐಡಿ ಕನೆಕ್ಟ್ ಎಂಬ ಮಾನಕ ಬಳಕೆಯಲ್ಲಿರುತ್ತದೆ. 2014ರ ಫೆಬ್ರವರಿಯಲ್ಲಿ ಅಂತಿಮಗೊಂಡ ಆ ಮಾನಕದಲ್ಲಿ ಇದೇ ಕೆಲಸಕ್ಕೆ ‘ಸಬ್’ (sub) ಎಂಬ ಮೂರಕ್ಷರದ ಕ್ಲೇಮ್ ಇದೆ. ಆ ಗುರುತು ಅದನ್ನು ಕೊಟ್ಟ ಸೇವೆಯ ವ್ಯಾಪ್ತಿಯಲ್ಲಿ ಮಾತ್ರ ಅನನ್ಯ. ಎರಡು ಬೇರೆ ಸೇವೆಗಳಿಂದ ಲಾಗಿನ್ ಒಪ್ಪುವುದಾದರೆ ಕೊಟ್ಟವರ ಗುರುತು ಮತ್ತು ಸಬ್ ಎರಡನ್ನೂ ಜೊತೆಯಾಗಿ ಉಳಿಸಿಕೊಳ್ಳಬೇಕು. ‘ಪ್ರಿಫರ್ಡ್ ಯೂಸರ್‌ನೇಮ್’ ಎಂಬುದೂ ಅಲ್ಲಿದೆ, ಆದರೆ ಅದು ಅನನ್ಯವೆಂದು ನಂಬಿ ನಡೆಯಬಾರದು ಎಂದು ಮಾನಕವೇ ಎಚ್ಚರಿಸುತ್ತದೆ. ಇನ್ನೊಂದು ಕಿರಿಕಿರಿ ಎಂದರೆ, ಹೊರಗಿನ ಸೇವೆ ಕಳುಹಿಸುವ, ಕ್ಲೇಮ್‌ಗಳನ್ನು ಹೊತ್ತ ಟೋಕನ್ ಎಂಬ ಚೀಟಿಯನ್ನು ಓದುವ ಡಾಟ್ ನೆಟ್‌ನ ಭಾಗ ‘ಸಬ್’ ಎಂಬ ಚಿಕ್ಕ ಹೆಸರನ್ನು ಹಳೆಯ ಕಾಲದ ಉದ್ದನೆಯ ವಿಳಾಸರೂಪದ ಹೆಸರಿಗೆ ತಾನಾಗಿ ಬದಲಿಸಿಬಿಡಬಹುದು. ಟೋಕನ್ನಿನಲ್ಲಿ ಕಣ್ಣಾರೆ ಕಂಡ ‘ಸಬ್’ ಕಾಂಪೊನೆಂಟ್‌ನಲ್ಲಿ ಸಿಗದಿದ್ದರೆ ಮೊದಲು ಸಂಶಯಪಡಬೇಕಾದದ್ದು ಈ ಮರುನಾಮಕರಣವನ್ನು. ರೋಲ್‌ಗಳಲ್ಲಿಯೂ ಇದೇ ಕಥೆ: ಸೇವೆಯು ‘ರೋಲ್ಸ್’ ಎಂದು ಕಳುಹಿಸಿ, ನಮ್ಮ ಕ್ಲೇಮ್ಸ್ ಐಡೆಂಟಿಟಿ ಬೇರೆ ಹೆಸರಿನ ಕ್ಲೇಮ್‌ನಲ್ಲಿ ರೋಲ್ ಹುಡುಕುತ್ತಿದ್ದರೆ, ಗ್ರಂಥಪಾಲಕರು ಸಾಮಾನ್ಯ ಸದಸ್ಯರಾಗಿಬಿಡುತ್ತಾರೆ. ರೋಲ್ ಎಂಬುದು ಯಾವ ಹೆಸರಿನ ಕ್ಲೇಮ್‌ನಲ್ಲಿದೆ ಎಂದು ಸೆಟ್ಟಿಂಗ್‌ನಲ್ಲಿ ಹೇಳಿದರೆ ಸರಿಹೋಗುತ್ತದೆ.

ನಮ್ಮ ಕಡೆಯ ಹೆಸರುಗಳಿಗೆ ಸಂಬಂಧಿಸಿದ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಈ ಮಾನಕದಲ್ಲಿ ‘ಗಿವನ್ ನೇಮ್’ ಮತ್ತು ‘ಫ್ಯಾಮಿಲಿ ನೇಮ್’ ಎಂಬ ಎರಡು ಕ್ಲೇಮ್‌ಗಳಿವೆ. ಊರಿನ ಹೆಸರು, ತಂದೆಯ ಹೆಸರುಗಳ ಮೊದಲಕ್ಷರಗಳನ್ನು ಇನಿಷಿಯಲ್ ಆಗಿ ಇಟ್ಟುಕೊಂಡವರು ಕರ್ನಾಟಕದಲ್ಲಿ ಎಷ್ಟೋ ಮಂದಿ. ಫಾರಂ ತುಂಬುವಾಗ ಒಬ್ಬರು ಇನಿಷಿಯಲನ್ನು ಮೊದಲ ಪೆಟ್ಟಿಗೆಗೆ ಹಾಕುತ್ತಾರೆ, ಇನ್ನೊಬ್ಬರು ಎರಡನೆಯದಕ್ಕೆ ಹಾಕುತ್ತಾರೆ. ಗಿವನ್ ನೇಮ್ ತೆಗೆದುಕೊಂಡು ಸ್ವಾಗತ ಬರೆದರೆ ‘ನಮಸ್ಕಾರ, ಎಚ್.’ ಎಂದು ಬರುವ ಪುಟಗಳು ಹುಟ್ಟುವುದು ಹೀಗೆ. ತೋರಿಸಲು ‘ನೇಮ್’ ಎಂಬ ಪೂರ್ಣ ಹೆಸರನ್ನು ಬಳಸುವುದು, ಸಾಧ್ಯವಾದರೆ ‘ನಿಮ್ಮನ್ನು ಹೇಗೆ ಕರೆಯಬೇಕು’ ಎಂದು ಅವರನ್ನೇ ಕೇಳಿ ಉಳಿಸಿಕೊಳ್ಳುವುದು ಒಳ್ಳೆಯದು. ಹಾಗೆಂದು ಹೆಸರು, ವಿಳಾಸ, ಶಾಖೆ ಎಲ್ಲವನ್ನೂ ಕ್ಲೇಮ್ ಮಾಡಿ ಕುಕೀಗೆ ತುಂಬುವುದು ಬೇಡ. ಬ್ರೌಸರುಗಳು ಒಂದು ಕುಕೀಗೆ ಕೊಡುವ ಜಾಗ ಸುಮಾರು 4 ಕಿಲೋಬೈಟ್. ಕನ್ನಡದ ಒಂದೊಂದು ಸಂಕೇತವೂ ಯುಟಿಎಫ್-8ರಲ್ಲಿ 3 ಬೈಟ್ ಹಿಡಿಯುತ್ತದೆ, ‘ಸುಮಾ’ ಎಂಬ ಎರಡಕ್ಷರದ ಹೆಸರಿಗೇ 12 ಬೈಟ್ ಬೇಕು, ಗೂಢಲಿಪಿಯಾದ ಮೇಲೆ ಇನ್ನೂ ಹಿಗ್ಗುತ್ತದೆ. ಮಿತಿ ಮೀರಿದರೆ ಎಎಸ್‌ಪಿ ಡಾಟ್ ನೆಟ್ ಕೋರ್ ಕುಕೀಯನ್ನು ತುಂಡು ಮಾಡಿ ಕಳುಹಿಸುತ್ತದೆಯಾದರೂ, ಆ ಹೊರೆ ಪ್ರತಿ ರಿಕ್ವೆಸ್ಟ್‌ನಲ್ಲಿಯೂ ಓಡಾಡುತ್ತದೆ.

ರಿಕ್ವೆಸ್ಟ್‌ನ ಆಯುಷ್ಯ, ಕಾಂಪೊನೆಂಟ್‌ನ ಆಯುಷ್ಯ

ಈಗ ಮಾಯವಾದ ಹೆಸರಿಗೆ ಮರಳೋಣ. ಸರ್ವರಿನಲ್ಲಿ ಓಡುವ ಬ್ಲೇಜರ್ ಪುಟ ಸಾಮಾನ್ಯವಾಗಿ ಎರಡು ಸಲ ಹುಟ್ಟುತ್ತದೆ. ಬ್ರೌಸರ್ ವಿಳಾಸವನ್ನು ಕೇಳಿದಾಗ ಸರ್ವರ್ ಒಂದು ಸಲ ಎಲ್ಲ ಕಾಂಪೊನೆಂಟ್‌ಗಳನ್ನೂ ಓಡಿಸಿ ಸಿದ್ಧ ಎಚ್‌ಟಿಎಂಎಲ್ ಕಳುಹಿಸುತ್ತದೆ, ಇದು ಪ್ರೀರೆಂಡರಿಂಗ್. ಇದು ಅಪ್ಪಟ ಎಚ್‌ಟಿಟಿಪಿ ರಿಕ್ವೆಸ್ಟ್, ಕುಕೀ ಬಂದಿದೆ, ಕಾಂಟೆಕ್ಸ್ಟ್ ಇದೆ, ಅದರಲ್ಲಿ ಯೂಸರ್ ಇದ್ದಾರೆ, ಹೀಗಾಗಿ ‘ನಮಸ್ಕಾರ, ಸುಮಾ’. ಉತ್ತರ ಹೋದ ಮೇಲೆ ಬ್ರೌಸರಿನಲ್ಲಿರುವ ಬ್ಲೇಜರ್ ಸ್ಕ್ರಿಪ್ಟ್ ಸರ್ವರಿಗೆ ಸಾಮಾನ್ಯವಾಗಿ ವೆಬ್‌ಸಾಕೆಟ್ ಮೂಲಕ ಒಂದು ದೀರ್ಘಸಂಪರ್ಕ ತೆರೆಯುತ್ತದೆ. ಇದಕ್ಕೆ ಸರ್ಕಿಟ್ ಎಂದು ಹೆಸರು. ಕಾಂಪೊನೆಂಟ್‌ಗಳು ಈ ಸರ್ಕಿಟ್‌ನೊಳಗೆ ಹೊಸದಾಗಿ ಮತ್ತೊಮ್ಮೆ ಹುಟ್ಟುತ್ತವೆ. ಮುಂದೆ ಒತ್ತಿದ ಪ್ರತಿ ಬಟನ್ನೂ ಬರೆದ ಪ್ರತಿ ಅಕ್ಷರವೂ ಈ ತಂತಿಯ ಮೇಲೆ ಸಂದೇಶವಾಗಿ ಹೋಗುತ್ತದೆಯೇ ಹೊರತು ಹೊಸ ಎಚ್‌ಟಿಟಿಪಿ ರಿಕ್ವೆಸ್ಟ್ ಆಗುವುದಿಲ್ಲ. ಡಾಟ್ ನೆಟ್ 8ರಲ್ಲಿ ಕಾಂಪೊನೆಂಟ್‌ಗೆ ಮೇಲಿನಿಂದ ಹರಿದು (ಕ್ಯಾಸ್ಕೇಡ್ ಆಗಿ) ಬರುವ ಎಚ್‌ಟಿಟಿಪಿ ಕಾಂಟೆಕ್ಸ್ಟ್, ಎಚ್‌ಟಿಎಂಎಲ್ ಒಮ್ಮೆ ಕಳುಹಿಸಿ ಮುಗಿಸುವ ಸ್ಥಿರ ರೆಂಡರಿಂಗ್‌ನಲ್ಲಿ ಇರುತ್ತದೆ, ಸರ್ಕಿಟ್‌ನೊಳಗೆ ನಲ್ ಆಗಿರುತ್ತದೆ. ಹೆಸರು ಅಳಿಸಿಹೋದದ್ದು ಆ ಎರಡನೆಯ ಹುಟ್ಟಿನ ಕ್ಷಣದಲ್ಲಿ.

ಇದಕ್ಕಿಂತ ಅಪಾಯಕಾರಿಯಾದದ್ದು, ಎಲ್ಲಿಂದ ಕೇಳಿದರೂ ಈ ಕಾಂಟೆಕ್ಸ್ಟ್ ತಂದುಕೊಡುವ ‘ಎಚ್‌ಟಿಟಿಪಿ ಕಾಂಟೆಕ್ಸ್ಟ್ ಆಕ್ಸೆಸರ್’ ಎಂಬ ಅಡ್ಡದಾರಿ. ಪ್ರತಿ ರಿಕ್ವೆಸ್ಟ್‌ಗೆ ಒಂದು ಪುಟ ಕಳುಹಿಸುವ ಎಂವಿಸಿ ಎಂಬ ಹಳೆಯ ವಿಧಾನದ ಅಭ್ಯಾಸದಿಂದ ಬಂದವರ ಕೈ ತಾನಾಗಿ ಅದರ ಕಡೆಗೆ ಹೋಗುತ್ತದೆ. ಸರ್ಕಿಟ್‌ನೊಳಗೆ ಅದು ಕೆಲವೊಮ್ಮೆ ನಲ್ ಕೊಡುತ್ತದೆ, ಕೆಲವೊಮ್ಮೆ ಸಂಪರ್ಕ ತೆರೆದ ಹೊತ್ತಿನ ಹಳೆಯ ಕಾಂಟೆಕ್ಸ್ಟ್ ಕೊಡುತ್ತದೆ. ನಮ್ಮ ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ನಡೆದು ನಿಜವಾದ ಸರ್ವರಿಗೆ ಹೋದ ಮೇಲೆ ಕೈಕೊಡುವುದು ಇದರ ಸ್ವಭಾವ. ಯಾವಾಗಲೂ ಕೆಡುವ ಕೋಡ್ ಒಂದು ಗಂಟೆಯಲ್ಲಿ ಸರಿಯಾಗುತ್ತದೆ, ಆಗಾಗ ಕೆಡುವ ಕೋಡ್ ಒಂದು ತಿಂಗಳು ತಿನ್ನುತ್ತದೆ. ಅದಕ್ಕಾಗಿಯೇ ಇಂಟರಾಕ್ಟಿವ್, ಅಂದರೆ ಪುಟ ಬಂದ ಮೇಲೂ ಜೀವಂತವಾಗಿರುವ, ಕಾಂಪೊನೆಂಟ್‌ಗಳಲ್ಲಿ ಇದನ್ನು ಬಳಸಬೇಡಿ ಎಂದು ಮೈಕ್ರೋಸಾಫ್ಟ್‌ನ ದಾಖಲೆಗಳೂ ಹೇಳುತ್ತವೆ.

ಇದೇ ಕಾರಣದಿಂದ ಸರ್ಕಿಟ್‌ನೊಳಗಿನ ಬಟನ್ನಿನಿಂದ ಲಾಗಿನ್ ಮಾಡಿಸಲೂ ಆಗುವುದಿಲ್ಲ. ಕುಕೀಯನ್ನು ಬ್ರೌಸರಿಗೆ ಕೊಡುವುದು ಎಚ್‌ಟಿಟಿಪಿ ಉತ್ತರದ ತಲೆಬರಹಗಳಲ್ಲಿ. ಆ ಉತ್ತರ ಹೊರಟುಹೋದ ಮೇಲೆ ತಲೆಬರಹ ಬರೆಯಲು ಜಾಗವೇ ಇಲ್ಲ. ‘ಉತ್ತರ ಆಗಲೇ ಶುರುವಾಗಿದೆ, ಹೆಡರ್‌ಗಳನ್ನು ಬದಲಿಸಲಾಗದು’ ಎಂಬ ಅರ್ಥದ ದೋಷಸಂದೇಶ ಬರುವುದು ಆಗ. ಸಿದ್ಧ ಮಾದರಿಯಲ್ಲಿ ಲಾಗಿನ್ ಪುಟವನ್ನು ಸ್ಥಿರ ರೆಂಡರಿಂಗ್‌ನಲ್ಲಿ ಇಟ್ಟಿರುವುದೂ, ಲಾಗೌಟನ್ನು ಸಾಮಾನ್ಯ ಫಾರಂ ಆಗಿ ಕಳುಹಿಸುವುದೂ ಇದಕ್ಕಾಗಿಯೇ.

ಕೇಳಬೇಕಾದವರನ್ನು ಕೇಳುವುದು

ಹಾಗಾದರೆ ಯಾರನ್ನು ಕೇಳಬೇಕು? ಬ್ಲೇಜರಿನಲ್ಲಿ ಇದಕ್ಕೆಂದೇ ‘ಅಥೆಂಟಿಕೇಶನ್ ಸ್ಟೇಟ್ ಪ್ರೊವೈಡರ್’ ಎಂಬ ಸೇವೆಯಿದೆ. ಸರ್ವರಿನಲ್ಲಿ ಅದು ಸರ್ಕಿಟ್ ತೆರೆದ ಕ್ಷಣದ ಪ್ರಿನ್ಸಿಪಲನ್ನು ಹಿಡಿದಿಟ್ಟುಕೊಂಡು ಸರ್ಕಿಟ್ ಇರುವಷ್ಟು ಕಾಲ ಕೊಡುತ್ತದೆ, ಬ್ರೌಸರಿನಲ್ಲಿ ಬೇರೆ ರೀತಿಯಲ್ಲಿ ಕೊಡುತ್ತದೆ. ಕಾಂಪೊನೆಂಟ್‌ಗೆ ಆ ವ್ಯತ್ಯಾಸ ತಿಳಿಯಬೇಕಾಗಿಲ್ಲ. ಅದನ್ನು ಮುಟ್ಟಲು ಮೂರು ದಾರಿಗಳಿದ್ದು, ನನ್ನ ಅಭಿಪ್ರಾಯದಲ್ಲಿ ಅವನ್ನು ಕೆಳಗೆ ಹೇಳಿದ ಕ್ರಮದಲ್ಲಿಯೇ ಪ್ರಯತ್ನಿಸಬೇಕು.

ತೋರಿಸುವುದು ಮಾತ್ರ ಕೆಲಸವಾದರೆ ‘ಅಥರೈಸ್ ವ್ಯೂ’ ಎಂಬ ಸಿದ್ಧ ಕಾಂಪೊನೆಂಟ್ ಸಾಕು. ಅದರೊಳಗೆ ‘ಅಥರೈಸ್ಡ್’ ಎಂಬ ಭಾಗದಲ್ಲಿ ಲಾಗಿನ್ ಆದವರಿಗೆ ಕಾಣಬೇಕಾದದ್ದನ್ನೂ, ‘ನಾಟ್ ಅಥರೈಸ್ಡ್’ ಭಾಗದಲ್ಲಿ ಉಳಿದವರಿಗೆ ಕಾಣಬೇಕಾದದ್ದನ್ನೂ ಬರೆಯಬೇಕು. ಒಳಗೆ ‘ಕಾಂಟೆಕ್ಸ್ಟ್ ಡಾಟ್ ಯೂಸರ್’ ಎಂದರೆ ಪ್ರಿನ್ಸಿಪಲ್ ಸಿಗುತ್ತದೆ. ‘ರೋಲ್ಸ್’ ಎಂಬ ಗುಣಕ್ಕೆ ಗ್ರಂಥಪಾಲಕರ ರೋಲ್ ಕೊಟ್ಟರೆ ಅವರಿಗಷ್ಟೇ ಕಾಣುವ ಮೆನು ಸಿದ್ಧ. ಎಡಿಟ್ ಫಾರಂ ಒಂದರೊಳಗೆ ಅಥರೈಸ್ ವ್ಯೂ ಹಾಕಿದಾಗ ಎರಡೂ ‘ಕಾಂಟೆಕ್ಸ್ಟ್’ ಎಂಬ ಒಂದೇ ಹೆಸರನ್ನು ಬಯಸಿ ಕಂಪೈಲರ್ ಮುನಿಸಿಕೊಳ್ಳುತ್ತದೆ. ಒಂದಕ್ಕೆ ಬೇರೆ ಹೆಸರು ಕೊಟ್ಟರೆ ಮುಗಿಯಿತು.

ಬಳಕೆದಾರರ ಗುರುತು ಕೋಡಿನಲ್ಲಿಯೇ ಬೇಕಾದಾಗ, ಅಂದರೆ ಸುಮಾ ಅವರ ಪುಸ್ತಕಗಳನ್ನು ಡೇಟಾಬೇಸಿನಿಂದ ತರಬೇಕಾದಾಗ, ಕ್ಯಾಸ್ಕೇಡಿಂಗ್ ಪ್ಯಾರಾಮೀಟರ್ ಬಳಸಬೇಕು. ‘ಅಥೆಂಟಿಕೇಶನ್ ಸ್ಟೇಟ್’ ಕೊಡುವ ಟಾಸ್ಕ್ (ಮುಂದೆ ಮುಗಿಯಲಿರುವ ಕೆಲಸ) ಬಗೆಯ ಗುಣವೊಂದನ್ನು ಘೋಷಿಸಿ ಅದಕ್ಕೆ ‘ಕ್ಯಾಸ್ಕೇಡಿಂಗ್ ಪ್ಯಾರಾಮೀಟರ್’ ಎಂಬ ಗುರುತುಪಟ್ಟಿ (ಆಟ್ರಿಬ್ಯೂಟ್) ಹಚ್ಚಿದರೆ ಬ್ಲೇಜರ್ ಅದನ್ನು ತುಂಬಿಕೊಡುತ್ತದೆ. ಅದು ಟಾಸ್ಕ್ ಆಗಿರುವುದರಿಂದ ‘ಅವೇಟ್’ ಮಾಡಬೇಕು, ಅಂದರೆ ಮುಗಿಯುವವರೆಗೆ ಕಾಯಬೇಕು. ಆಮೇಲೆ ಯೂಸರ್ ತೆಗೆದುಕೊಂಡು, ಅಥೆಂಟಿಕೇಟೆಡ್ ಹೌದೇ ಎಂದು ನೋಡಿ, ನೇಮ್ ಐಡೆಂಟಿಫೈಯರ್ ಕ್ಲೇಮನ್ನು ಹುಡುಕಿ, ಅದರ ಬೆಲೆಯನ್ನು ಡೇಟಾಬೇಸಿನ ಪ್ರಶ್ನೆಗೆ ಕೊಡಬೇಕು. ಈ ಕೋಡ್ ಕಾಂಪೊನೆಂಟ್ ಹುಟ್ಟಿದಾಗ ಒಮ್ಮೆ ಓಡುವ ‘ಆನ್ ಇನಿಷಿಯಲೈಸ್ಡ್’ನಲ್ಲಿ ಇರುವುದಕ್ಕಿಂತ, ಪ್ಯಾರಾಮೀಟರ್ ಬಂದಾಗಲೆಲ್ಲ ಓಡುವ ‘ಆನ್ ಪ್ಯಾರಾಮೀಟರ್ಸ್ ಸೆಟ್’ನಲ್ಲಿ ಇರುವುದು ಲೇಸು, ಏಕೆಂದರೆ ಲಾಗಿನ್ ಸ್ಥಿತಿ ಬದಲಾದಾಗ ಪ್ಯಾರಾಮೀಟರ್ ಹೊಸದಾಗಿ ಬರುತ್ತದೆ, ಇನಿಷಿಯಲೈಸ್ ಮತ್ತೆ ನಡೆಯುವುದಿಲ್ಲ.

ಇಲ್ಲಿ ಡಾಟ್ ನೆಟ್ 8 ತಂದ ಒಂದು ಬದಲಾವಣೆ ಅನೇಕರನ್ನು ಕಾಡುತ್ತದೆ. ಹಿಂದೆ ವಿಳಾಸಕ್ಕೆ ತಕ್ಕ ಪುಟವನ್ನು ಆರಿಸುವ ರೌಟರನ್ನು ‘ಕ್ಯಾಸ್ಕೇಡಿಂಗ್ ಅಥೆಂಟಿಕೇಶನ್ ಸ್ಟೇಟ್’ ಎಂಬ ಕಾಂಪೊನೆಂಟ್‌ನಲ್ಲಿ ಸುತ್ತುತ್ತಿದ್ದರು, ಒಳಗಿನ ಎಲ್ಲರಿಗೂ ಅದು ಹರಿದು ಬರುತ್ತಿತ್ತು. ಈಗ ರೌಟರ್ ಸ್ಥಿರ ರೆಂಡರಿಂಗ್‌ನಲ್ಲಿದ್ದು ಒಳಗಿನ ಪುಟ ಮಾತ್ರ ಇಂಟರಾಕ್ಟಿವ್ ಆಗಿದ್ದರೆ, ಹಾಗೆ ಸುತ್ತಿ ಕೊಟ್ಟದ್ದು ರೆಂಡರ್ ಬಗೆಯ ಗಡಿಯನ್ನು ದಾಟುವುದಿಲ್ಲ. ಪುಟ ತೆರೆದೊಡನೆ ‘ಕ್ಯಾಸ್ಕೇಡಿಂಗ್ ಪ್ಯಾರಾಮೀಟರ್ ಬೇಕಿತ್ತು, ಸಿಗಲಿಲ್ಲ’ ಎಂಬ ದೂರು. ಸುತ್ತುವುದನ್ನು ಬಿಟ್ಟು, ಪ್ರೋಗ್ರಾಮ್ ಫೈಲಿನಲ್ಲಿ ಸೇವೆಗಳನ್ನು ನೋಂದಾಯಿಸುವಲ್ಲಿ ಕ್ಯಾಸ್ಕೇಡಿಂಗ್ ಅಥೆಂಟಿಕೇಶನ್ ಸ್ಟೇಟನ್ನು ಒಂದು ಸಾಲಿನಲ್ಲಿ ಸೇರಿಸಿದರೆ ಎಲ್ಲ ಬಗೆಯ ಕಾಂಪೊನೆಂಟ್‌ಗಳಿಗೂ ಅದು ಮುಟ್ಟುತ್ತದೆ.

ಪ್ರೊವೈಡರನ್ನು ನೇರವಾಗಿ ಇಂಜೆಕ್ಟ್ ಮಾಡಿಕೊಳ್ಳುವುದು, ಅಂದರೆ ಚೌಕಟ್ಟಿನಿಂದ ಕೇಳಿ ಪಡೆಯುವುದು, ಮೂರನೆಯ ದಾರಿ. ಇದು ಮುಖ್ಯವಾಗಿ ಕಾಂಪೊನೆಂಟ್ ಅಲ್ಲದ ಸೇವಾ ಕ್ಲಾಸ್‌ಗಳಿಗೆ. ಕಾಂಪೊನೆಂಟ್‌ನಲ್ಲಿ ಹೀಗೆ ಮಾಡಿದರೆ ಕೇಳಿದ ಕ್ಷಣದ ಉತ್ತರ ಸಿಗುತ್ತದೆ, ಆಮೇಲಿನ ಬದಲಾವಣೆಯ ಸುದ್ದಿ ತಾನಾಗಿ ಬರುವುದಿಲ್ಲ. ಬೇರೆ ಸರ್ವರುಗಳಿಗೆ ರಿಕ್ವೆಸ್ಟ್ ಕಳುಹಿಸಲು ಬಳಸುವ ಎಚ್‌ಟಿಟಿಪಿ ಕ್ಲೈಂಟ್ ಫ್ಯಾಕ್ಟರಿಯ ಹ್ಯಾಂಡ್ಲರ್‌ಗಳು ಸರ್ಕಿಟ್‌ನದಲ್ಲದ, ತಮ್ಮದೇ ಬೇರೆ ಸೇವಾವಲಯದಲ್ಲಿ (ಡಿಐ ಸ್ಕೋಪಿನಲ್ಲಿ) ಹುಟ್ಟುವುದರಿಂದ ಅವುಗಳೊಳಗೆ ಇದು ನಡೆಯುವುದಿಲ್ಲ ಎಂಬುದನ್ನಷ್ಟೇ ನೆನಪಿಟ್ಟುಕೊಂಡು ಮುಂದೆ ಹೋಗೋಣ.

ಒಬ್ಬರ ಮಾಹಿತಿ ಇನ್ನೊಬ್ಬರಿಗೆ

ಪ್ರತಿ ಕಾಂಪೊನೆಂಟ್‌ನಲ್ಲಿಯೂ ಮೇಲಿನ ನಾಲ್ಕು ಸಾಲು ಬರೆಯಲು ಬೇಸರವಾಗಿ, ‘ಈಗಿನ ಬಳಕೆದಾರ’ ಎಂಬ ಒಂದು ಕ್ಲಾಸ್ ಮಾಡಿ ಅದರಲ್ಲಿ ಒಂದೇ ಸಲ ತುಂಬಿಟ್ಟುಕೊಳ್ಳೋಣ ಎಂಬ ಆಲೋಚನೆ ಎಲ್ಲರಿಗೂ ಬರುತ್ತದೆ. ಆಲೋಚನೆ ತಪ್ಪಲ್ಲ, ಆ ಕ್ಲಾಸ್ ಎಲ್ಲಿ ಬದುಕುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ನಾನು ಒಮ್ಮೆ ಒಳಬಳಕೆಯ ಚಿಕ್ಕ ಅಪ್ಲಿಕೇಶನ್ ಒಂದರಲ್ಲಿ ಅದನ್ನು ಸ್ಟ್ಯಾಟಿಕ್ ಗುಣವಾಗಿ ಇಟ್ಟಿದ್ದೆ. ಎರಡು ವಾರ ಒಬ್ಬನೇ ಪರೀಕ್ಷಿಸಿದೆ, ಒಂದು ತೊಡಕೂ ಕಾಣಲಿಲ್ಲ. ಬಳಕೆಗೆ ಕೊಟ್ಟ ಮೊದಲ ಬೆಳಿಗ್ಗೆ ಇಬ್ಬರು ಕೆಲವೇ ನಿಮಿಷಗಳ ಅಂತರದಲ್ಲಿ ಲಾಗಿನ್ ಆದರು, ಮೊದಲನೆಯವರು ತಮ್ಮ ರಜೆಯ ಪುಟ ತೆರೆದಾಗ ಎರಡನೆಯವರ ರಜೆಗಳು ಕಂಡವು. ಸ್ಟ್ಯಾಟಿಕ್ ಎಂದರೆ ಇಡೀ ಸರ್ವರ್ ಪ್ರಕ್ರಿಯೆಗೆ ಒಂದೇ ಪೆಟ್ಟಿಗೆ. ಕೊನೆಗೆ ಬಂದವರು ಹಿಂದಿನವರನ್ನು ಅಳಿಸಿ ತಮ್ಮ ಹೆಸರು ಬರೆಯುತ್ತಾರೆ. ಇಡೀ ಅಪ್ಲಿಕೇಶನ್ನಿಗೆ ಒಂದೇ ಪ್ರತಿಯಿರುವ ಸಿಂಗಲ್‌ಟನ್ ಸೇವೆಯಾಗಿ ನೋಂದಾಯಿಸಿದರೂ ಫಲ ಇದೇ.

ಸ್ಕೋಪ್ಡ್ ಆಗಿ ನೋಂದಾಯಿಸಿದರೆ ಸರ್ವರಿನಲ್ಲಿ ಪ್ರತಿ ಸರ್ಕಿಟ್‌ಗೂ ಒಂದೊಂದು ಪ್ರತಿ ಸಿಗುತ್ತದೆ, ಅಲ್ಲಿಗೆ ಸೋರಿಕೆ ನಿಲ್ಲುತ್ತದೆ. ವೆಬ್‌ಅಸೆಂಬ್ಲಿಯಲ್ಲಿ ಇಡೀ ಪ್ರೋಗ್ರಾಮು ಒಬ್ಬರ ಬ್ರೌಸರಿನಲ್ಲಿಯೇ ಓಡುವುದರಿಂದ ಸಿಂಗಲ್‌ಟನ್‌ಗೂ ಸ್ಕೋಪ್ಡ್‌ಗೂ ಕಣ್ಣಿಗೆ ಕಾಣುವ ಅಂತರವಿಲ್ಲ. ಅಲ್ಲಿ ನಿರಪಾಯವಾಗಿದ್ದ ಸಿಂಗಲ್‌ಟನ್ ಕೋಡನ್ನು ಸರ್ವರ್ ಬಗೆಗೆ ತಂದ ದಿನ ಅದು ಎಲ್ಲರ ಮಾಹಿತಿಯನ್ನು ಎಲ್ಲರಿಗೂ ಹಂಚತೊಡಗುತ್ತದೆ. ಡೇಟಾಬೇಸಿನೊಡನೆ ವ್ಯವಹರಿಸುವ ಡೇಟಾಬೇಸ್ ಕಾಂಟೆಕ್ಸ್ಟ್ ಎಂಬ ವಸ್ತುವಿನ ವಿಷಯದಲ್ಲಿ ಮಾತ್ರ ಸ್ಕೋಪ್ಡ್ ಕೂಡ ಸಾಲದು: ಸರ್ಕಿಟ್ ಗಂಟೆಗಟ್ಟಲೆ ಬದುಕುತ್ತದೆ, ಎರಡು ಕಾಂಪೊನೆಂಟ್‌ಗಳು ಒಂದೇ ಕಾಂಟೆಕ್ಸ್ಟನ್ನು ಒಮ್ಮೆಲೇ ಎಳೆದಾಡಬಹುದು. ಅದನ್ನು ಫ್ಯಾಕ್ಟರಿಯಿಂದ ಬೇಕಾದಾಗ ಪಡೆದು, ಕೆಲಸವಾದೊಡನೆ ಬಿಟ್ಟುಬಿಡಬೇಕು.

ಬ್ರೌಸರಿಗೆ ದಾಟಿಸುವುದು

ವೆಬ್‌ಅಸೆಂಬ್ಲಿಯ ಕಾಂಪೊನೆಂಟ್ ಕುಕೀಯನ್ನು ಓದಲಾರದು, ಓದಬಾರದು ಕೂಡ. ದೃಢೀಕರಣದ ಕುಕೀಯನ್ನು ಸ್ಕ್ರಿಪ್ಟ್‌ಗಳಿಗೆ ಕಾಣದಂತೆ ‘ಎಚ್‌ಟಿಟಿಪಿ ಓನ್ಲಿ’ ಗುರುತು ಹಾಕಿ ಕಳುಹಿಸಿರುತ್ತಾರೆ. ಹೀಗಾಗಿ ಸರ್ವರ್ ಪ್ರೀರೆಂಡರ್ ಮಾಡುವಾಗ ಬಳಕೆದಾರರ ಕೆಲವು ವಿವರಗಳನ್ನು ಪುಟದೊಳಗೆ ಬರೆದಿಡುತ್ತದೆ, ಬ್ರೌಸರಿನಲ್ಲಿ ಎಚ್ಚೆತ್ತ ಪ್ರೊವೈಡರ್ ಅದನ್ನು ಓದಿಕೊಳ್ಳುತ್ತದೆ. ಡಾಟ್ ನೆಟ್ 8ರಲ್ಲಿ ಇದಕ್ಕೆ ಬೇಕಾದ ಕ್ಲಾಸ್‌ಗಳು ಪ್ರಾಜೆಕ್ಟ್ ಮಾದರಿಯೊಳಗೆ ಬರುತ್ತಿದ್ದವು. 2024ರ ನವೆಂಬರಿನ ಡಾಟ್ ನೆಟ್ 9ರಿಂದ ಸರ್ವರಿನಲ್ಲಿ ಸ್ಥಿತಿಯನ್ನು ಕಟ್ಟಿ ಕಳುಹಿಸುವುದಕ್ಕೆ ಒಂದು ಸಾಲು, ಬ್ರೌಸರಿನಲ್ಲಿ ಬಿಡಿಸಿಕೊಳ್ಳುವುದಕ್ಕೆ ಒಂದು ಸಾಲು ಬರೆದರೆ ಆಯಿತು. ನಾವು ಬೇರೆ ಹೇಳದಿದ್ದರೆ ಹೆಸರು ಮತ್ತು ರೋಲ್ ಕ್ಲೇಮ್‌ಗಳು ಮಾತ್ರ ದಾಟುತ್ತವೆ. ಸರ್ವರಿನಲ್ಲಿ ಸಿಗುತ್ತಿದ್ದ ನೇಮ್ ಐಡೆಂಟಿಫೈಯರ್ ಬ್ರೌಸರಿನಲ್ಲಿ ನಲ್ ಆಗುವುದು ಈ ಮಿತಿಯಿಂದ. ಎಲ್ಲ ಕ್ಲೇಮ್‌ಗಳನ್ನೂ ಕಳುಹಿಸುವ ಆಯ್ಕೆಯೊಂದಿದೆ, ಆದರೆ ಅದನ್ನು ತಿರುಗಿಸುವ ಮೊದಲು ಆ ಕಂತೆಯಲ್ಲಿ ಏನೇನಿದೆ ಎಂದು ಒಮ್ಮೆ ಅಚ್ಚುಹಾಕಿ ನೋಡುವುದು ಒಳಿತು. ಬ್ರೌಸರಿಗೆ ಹೋದದ್ದು ಪುಟದ ಮೂಲವನ್ನು ತೆರೆಯಬಲ್ಲ ಯಾರಿಗಾದರೂ ಕಾಣುತ್ತದೆ.

ಹಳಸಿದ ಗುರುತು

ಸರ್ಕಿಟ್ ತನ್ನ ಹುಟ್ಟಿನ ಕ್ಷಣದ ಗುರುತನ್ನೇ ಹಿಡಿದುಕೊಂಡಿರುತ್ತದೆ ಎಂದೆನಲ್ಲ, ಅದಕ್ಕೊಂದು ಪರಿಣಾಮವಿದೆ. ಗ್ರಂಥಪಾಲಕರೊಬ್ಬರನ್ನು ಮಧ್ಯಾಹ್ನ ಆ ಹುದ್ದೆಯಿಂದ ತೆಗೆದರೂ, ಬೆಳಿಗ್ಗೆ ಅವರು ತೆರೆದಿಟ್ಟ ಟ್ಯಾಬ್‌ನಲ್ಲಿ ಗ್ರಂಥಪಾಲಕರ ಮೆನು ಹಾಗೆಯೇ ಕೆಲಸ ಮಾಡುತ್ತಿರುತ್ತದೆ. ಇನ್ನೊಂದು ಟ್ಯಾಬ್‌ನಲ್ಲಿ ಲಾಗೌಟ್ ಆದರೂ ಈ ಟ್ಯಾಬ್‌ನ ಸರ್ಕಿಟ್‌ಗೆ ಸುದ್ದಿ ಹೋಗುವುದಿಲ್ಲ. ಐಡೆಂಟಿಟಿಯೊಂದಿಗೆ ಬರುವ ಸರ್ವರ್ ಮಾದರಿಯಲ್ಲಿ ಇದಕ್ಕಾಗಿ ಮರುಪರಿಶೀಲನೆಯ ಪ್ರೊವೈಡರ್ ಇದ್ದು, ಅದು 30 ನಿಮಿಷಕ್ಕೊಮ್ಮೆ ಬಳಕೆದಾರರ ಖಾತೆಯೊಡನೆ ಇಟ್ಟಿರುವ ‘ಸೆಕ್ಯುರಿಟಿ ಸ್ಟ್ಯಾಂಪ್’ ಎಂಬ ಮುದ್ರೆ ಇನ್ನೂ ಅದೇ ಆಗಿದೆಯೇ ಎಂದು ಡೇಟಾಬೇಸಿನಲ್ಲಿ ನೋಡುತ್ತದೆ. ಪಾಸ್‌ವರ್ಡ್ ಬದಲಾದಾಗ ಆ ಸ್ಟ್ಯಾಂಪ್ ಬದಲಾಗುತ್ತದೆ, ಹೋಲಿಕೆ ತಪ್ಪಿದರೆ ಸರ್ಕಿಟ್‌ನೊಳಗಿನ ಬಳಕೆದಾರರನ್ನು ಲಾಗಿನ್ ಆಗದವರೆಂದು ಘೋಷಿಸುತ್ತದೆ. ರೋಲ್ ಕಿತ್ತುಕೊಂಡರಷ್ಟೇ ಸ್ಟ್ಯಾಂಪ್ ತಾನಾಗಿ ಬದಲಾಗುವುದೆಂದು ನೆಚ್ಚಿಕೊಳ್ಳದೆ, ಆ ಕೋಡಿನಲ್ಲಿಯೇ ಸ್ಟ್ಯಾಂಪನ್ನೂ ಬದಲಿಸಿಬಿಡುವುದು ನನ್ನ ಅಭ್ಯಾಸ. ಹಣ ಅಥವಾ ಆರೋಗ್ಯಕ್ಕೆ ಸಂಬಂಧಿಸಿದ ಅಪ್ಲಿಕೇಶನ್‌ಗಳಲ್ಲಿ ಅರ್ಧ ಗಂಟೆ ದೀರ್ಘವೇ ಆಯಿತು. ಅಂತಹ ಕಡೆ ಅವಧಿಯನ್ನು ತಗ್ಗಿಸುವುದಲ್ಲದೆ, ಮಹತ್ವದ ಕ್ರಿಯೆಯ ಹೊತ್ತಿನಲ್ಲಿ ಹಕ್ಕನ್ನು ಡೇಟಾಬೇಸಿನಿಂದಲೇ ಹೊಸದಾಗಿ ಓದಬೇಕು.

ಮರೆಮಾಡಿದ್ದು ಕಾಪಾಡಿದಂತಲ್ಲ

ಅಥರೈಸ್ ವ್ಯೂ ಮಾಡುವುದು ಇಷ್ಟೇ: ಬಟನ್ ತೋರಿಸಬೇಕೇ ಬೇಡವೇ ಎಂದು ನಿರ್ಧರಿಸುತ್ತದೆ. ಪುಟವನ್ನೇ ಕಾಯಲು ‘ಅಥರೈಸ್’ ಎಂಬ ಗುರುತುಪಟ್ಟಿ ಇದೆ, ಆದರೆ ಅದಕ್ಕೆ ಬೆಲೆ ವಿಳಾಸವುಳ್ಳ ಪುಟಗಳಲ್ಲಿ ಮಾತ್ರ. ಪುಟದೊಳಗಿನ ಮರಿಕಾಂಪೊನೆಂಟ್ ಮೇಲೆ ಅದನ್ನು ಹಚ್ಚಿದರೆ ಕಂಪೈಲರ್ ಏನೂ ಹೇಳುವುದಿಲ್ಲ, ಕಾವಲೂ ಇರುವುದಿಲ್ಲ. ಇನ್ನು ವೆಬ್‌ಅಸೆಂಬ್ಲಿಯಲ್ಲಿ ಇಡೀ ಪ್ರೋಗ್ರಾಮು ಬಳಕೆದಾರರ ಯಂತ್ರದಲ್ಲಿಯೇ ಇರುವುದರಿಂದ ಅಲ್ಲಿನ ಯಾವ ತಡೆಯನ್ನೂ ಬಲ್ಲವರು ತೆಗೆದುಹಾಕಬಹುದು.

ಗ್ರಂಥಾಲಯದ ಉದಾಹರಣೆಯಲ್ಲಿ ಎರವಲಿನ ಪುಟದ ವಿಳಾಸದ ಕೊನೆಯಲ್ಲಿ 57 ಎಂಬ ಸಂಖ್ಯೆ ಇದೆಯೆಂದುಕೊಳ್ಳಿ. ಸುಮಾ ಅದನ್ನು 58 ಮಾಡಿ ಎಂಟರ್ ಒತ್ತಿದರೆ ಏನಾಗಬೇಕು? ಅವರು ಲಾಗಿನ್ ಆಗಿದ್ದಾರೆ, ಆದ್ದರಿಂದ ಪುಟದ ಕಾವಲು ಒಳಗೆ ಬಿಡುತ್ತದೆ. ಎರವಲನ್ನು ಬರೀ ಸಂಖ್ಯೆಯಿಂದ ಹುಡುಕುವ ಕೋಡ್ ಬೇರೆಯವರ ಪುಸ್ತಕವನ್ನು ತಂದು ಮುಂದಿಡುತ್ತದೆ. ವೆಬ್ ಭದ್ರತೆಯ ಅಪಾಯಗಳನ್ನು ಪಟ್ಟಿ ಮಾಡುವ ಓವಾಸ್ಪ್ ಸಂಸ್ಥೆ 2021ರ ತನ್ನ ಪಟ್ಟಿಯಲ್ಲಿ ಮೊದಲ ಸ್ಥಾನ ಕೊಟ್ಟದ್ದು ಪ್ರವೇಶ ನಿಯಂತ್ರಣದ ವೈಫಲ್ಯಗಳಿಗೆ, ಇದು ಅದರ ಸಾಮಾನ್ಯ ಮುಖಗಳಲ್ಲಿ ಒಂದು. ಪರಿಹಾರ ಚಿಕ್ಕದು: ಎರವಲಿನ ಸಂಖ್ಯೆ 58 ಆಗಿರಬೇಕು, ಜೊತೆಗೆ ಅದರ ಸದಸ್ಯರ ಗುರುತು ಪ್ರೊವೈಡರಿನಿಂದ ಬಂದ ನೇಮ್ ಐಡೆಂಟಿಫೈಯರ್‌ಗೆ ಸಮನಾಗಿರಬೇಕು ಎಂದು ಒಂದೇ ಪ್ರಶ್ನೆಯಲ್ಲಿ ಕೇಳುವುದು. ಆ ಗುರುತು ಕಾಂಪೊನೆಂಟ್‌ಗೆ ಪ್ಯಾರಾಮೀಟರ್ ಆಗಿಯೋ, ಫಾರಂನ ಅಡಗಿದ ಪೆಟ್ಟಿಗೆಯಿಂದಲೋ, ವಿಳಾಸದಿಂದಲೋ ಬರಬಾರದು. ಸರ್ವರ್ ತಾನೇ ಬಿಡಿಸಿದ ಚೀಟಿಯಿಂದ ಬರಬೇಕು. ಸಾಲು ಸಿಗದಿದ್ದರೆ ‘ನಿಮಗೆ ಹಕ್ಕಿಲ್ಲ’ ಎನ್ನುವುದಕ್ಕಿಂತ ‘ಅಂತಹ ಎರವಲು ಇಲ್ಲ’ ಎಂದು ಹೇಳಿದರೆ 58 ಎಂಬುದೊಂದು ಇದೆ ಎಂಬ ಸುಳಿವೂ ಹೊರಗೆ ಹೋಗುವುದಿಲ್ಲ.

ಇದನ್ನೆಲ್ಲ ಪರೀಕ್ಷಿಸಲು ಒಂದೇ ಬ್ರೌಸರ್ ಸಾಲದು. ಎರಡು ಬೇರೆ ಬ್ರೌಸರುಗಳಲ್ಲಿ ಇಬ್ಬರು ಸದಸ್ಯರಾಗಿ ಲಾಗಿನ್ ಆಗಿ, ಒಬ್ಬರ ಪುಟವನ್ನು ತೆರೆದಿಟ್ಟುಕೊಂಡೇ ಇನ್ನೊಬ್ಬರ ಪುಟದಲ್ಲಿ ಹತ್ತಾರು ಬಟನ್ ಒತ್ತಿ ನೋಡಬೇಕು. ಮೊದಲನೆಯವರ ವಿಳಾಸವನ್ನು ನಕಲಿಸಿ ಎರಡನೆಯವರ ಬ್ರೌಸರಿನಲ್ಲಿ ಅಂಟಿಸಬೇಕು. ಒಂದು ಟ್ಯಾಬ್‌ನಲ್ಲಿ ಲಾಗೌಟ್ ಆಗಿ ಪಕ್ಕದ ಟ್ಯಾಬ್‌ನಲ್ಲಿ ಎರವಲಿನ ಅವಧಿ ವಿಸ್ತರಿಸುವ ಬಟನ್ ಇನ್ನೂ ಕೆಲಸ ಮಾಡುತ್ತದೆಯೇ ಎಂದು ನೋಡಬೇಕು. ಕೊನೆಗೆ ಬ್ರೌಸರಿನ ನೆಟ್‌ವರ್ಕ್ ವೇಗವನ್ನು ಬೇಕೆಂದೇ ತಗ್ಗಿಸಿ ಪುಟವನ್ನು ತೆರೆದರೆ, ಮೊದಲ ಹುಟ್ಟಿಗೂ ಎರಡನೆಯ ಹುಟ್ಟಿಗೂ ನಡುವಿನ ಸಮಯ ಕಣ್ಣಿಗೆ ಕಾಣುವಷ್ಟು ಹಿಗ್ಗುತ್ತದೆ, ಮತ್ತು ಆ ನಡುವೆ ‘ನಮಸ್ಕಾರ, ಸುಮಾ’ ಎಂಬುದು ಅಲುಗದೆ ನಿಂತಿದೆಯೇ ಎಂದು ನೋಡಬಹುದು.